ಯಾವ ಎಳೆ ಕಿತ್ತರೆ ಯುದ್ಧ ನಿಲ್ಲುತ್ತದೆ?

1943ರ ಅಕ್ಟೋಬರ್ 14, ಗುರುವಾರ. ಇಂಗ್ಲೆಂಡಿನ ವಾಯುನೆಲೆಗಳ ಮೇಲೆ ಮಂಜು ಕವಿದಿದೆ. ಆ ಮಂಜನ್ನು ಸೀಳಿಕೊಂಡು ಅಮೆರಿಕದ ಬಿ-17 ಬಾಂಬರ್‌ಗಳು ಒಂದರ ಹಿಂದೊಂದು ಮೇಲೇರುತ್ತವೆ. ಒಟ್ಟು 291 ವಿಮಾನಗಳು, ಒಂದೊಂದರಲ್ಲೂ ಹತ್ತು ಮಂದಿ. ಬೆಂಗಾವಲಿಗೆ ಹೊರಟ ಫೈಟರ್ ವಿಮಾನಗಳಿಗೆ ಜರ್ಮನಿಯ ಗಡಿಯ ಹತ್ತಿರದವರೆಗೆ ಹೋಗಿಬರುವಷ್ಟು ಮಾತ್ರ ಇಂಧನ. ಅವು ಹಿಂದಿರುಗಿದ ಕೂಡಲೇ ಜರ್ಮನ್ ಫೈಟರ್‌ಗಳು ಬಾಂಬರ್‌ಗಳ ಮೇಲೆ ಮುಗಿಬೀಳುತ್ತವೆ. ಸಂಜೆ ಲೆಕ್ಕ ಹಾಕಿದಾಗ 60 ವಿಮಾನಗಳು ಮರಳಿರಲಿಲ್ಲ. ಅಮೆರಿಕದ ವಾಯುಪಡೆ ಆ ದಿನವನ್ನು ಇಂದಿಗೂ 'ಕರಾಳ ಗುರುವಾರ' ಎಂದೇ ಕರೆಯುತ್ತದೆ.

ಇಷ್ಟು ಜನ ಜೀವ ಒತ್ತೆಯಿಟ್ಟು ಹೋದದ್ದು ಬರ್ಲಿನ್‌ಗಲ್ಲ, ಯಾವುದೇ ಸೇನಾ ಶಿಬಿರಕ್ಕೂ ಅಲ್ಲ. ಅವರ ಗುರಿ ಶ್ವೈನ್‌ಫರ್ಟ್ ಎಂಬ ಸಾಧಾರಣ ಊರು. ಅಲ್ಲಿ ತಯಾರಾಗುತ್ತಿದ್ದದ್ದು ಬಾಲ್ ಬೇರಿಂಗ್. ಜರ್ಮನಿಯ ಒಟ್ಟು ಬೇರಿಂಗ್‌ಗಳಲ್ಲಿ ಸುಮಾರು ಅರ್ಧದಷ್ಟು ಈ ಒಂದೇ ಊರಿನ ಸುತ್ತಮುತ್ತ ಆಗುತ್ತಿತ್ತು. ಟ್ಯಾಂಕ್, ವಿಮಾನ, ಜಲಾಂತರ್ಗಾಮಿ, ಕಾರ್ಖಾನೆಯ ಲೇತು, ತಿರುಗುವ ಯಾವ ಯಂತ್ರಕ್ಕೂ ಬೇರಿಂಗ್ ಬೇಕೇ ಬೇಕು. ಬೇರಿಂಗ್ ನಿಂತರೆ ಎಲ್ಲವೂ ನಿಲ್ಲಬೇಕು ಎಂಬುದು ಯೋಜನೆ ಹಾಕಿದವರ ತರ್ಕ.

ಆ ತರ್ಕದಲ್ಲಿ ಮೇಲುನೋಟಕ್ಕೆ ದೋಷವೇ ಕಾಣುವುದಿಲ್ಲ. ಆದರೂ ಜರ್ಮನಿಯ ಯಂತ್ರಗಳು ನಿಲ್ಲಲಿಲ್ಲ. ಶತ್ರುವನ್ನು ಒಂದು ವ್ಯವಸ್ಥೆಯಾಗಿ ನೋಡಿ, ಅದರ ಮರ್ಮಸ್ಥಾನ ಹುಡುಕಿ ಹೊಡೆಯಬೇಕೆಂಬ ಚಿಂತನೆಗೆ ಸುಮಾರು ಒಂದು ಶತಮಾನದ ಇತಿಹಾಸವಿದೆ. ಇಂದು ಉಕ್ರೇನಿನ ಟ್ರಾನ್ಸ್‌ಫಾರ್ಮರ್ ಮೇಲೆ ಕ್ಷಿಪಣಿ, ರಷ್ಯಾದ ತೈಲ ಶುದ್ಧೀಕರಣ ಘಟಕದ ಮೇಲೆ ಡ್ರೋನ್ ಎಂಬ ಸುದ್ದಿ ಓದುವಾಗ ನಾವು ಓದುತ್ತಿರುವುದು ಆ ಚಿಂತನೆಯದೇ ಮುಂದಿನ ಪುಟಗಳನ್ನು.

ಒಂದು ಸ್ಪ್ರಿಂಗ್ ಕಲಿಸಿದ್ದು

1930ರ ದಶಕದಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಮ್ಯಾಕ್ಸ್‌ವೆಲ್ ವಾಯುನೆಲೆಯಲ್ಲಿ ಸೇನಾ ವಿಮಾನ ಅಧಿಕಾರಿಗಳಿಗಾಗಿ ಒಂದು ಶಾಲೆ ನಡೆಯುತ್ತಿತ್ತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಲಕ್ಷಾಂತರ ಸೈನಿಕರು ಸತ್ತದ್ದನ್ನು ನೋಡಿದ್ದ ತಲೆಮಾರು ಅದು. ಹೆರಾಲ್ಡ್ ಜಾರ್ಜ್, ಡೊನಾಲ್ಡ್ ವಿಲ್ಸನ್, ಹೇವುಡ್ ಹ್ಯಾನ್ಸೆಲ್ ಮುಂತಾದ ಶಿಕ್ಷಕರ ಮುಂದಿದ್ದ ಪ್ರಶ್ನೆ ಇಷ್ಟೇ: ಸೈನ್ಯಕ್ಕೆ ಸೈನ್ಯವನ್ನು ಡಿಕ್ಕಿ ಹೊಡೆಸದೆ, ಆಕಾಶದಿಂದಲೇ ಹಿಂದೆ ಹೋಗಿ, ಸೈನ್ಯವನ್ನು ಸಾಕುವ ದೇಶದ ಕೈಕಾಲು ಕಟ್ಟಿಹಾಕಲು ಸಾಧ್ಯವೇ?

ಪಿಟ್ಸ್‌ಬರ್ಗ್‌ನಲ್ಲಿ 1936ರ ಮಾರ್ಚ್‌ನಲ್ಲಿ ಬಂದ ದೊಡ್ಡ ನೆರೆ ಅವರಿಗೊಂದು ಉದಾಹರಣೆ ಕೊಟ್ಟಿತು. ವಿಮಾನದ ಪ್ರೊಪೆಲರ್‌ಗೆ ಬೇಕಾದ ಒಂದು ವಿಶೇಷ ಸ್ಪ್ರಿಂಗ್ ತಯಾರಿಸುವ ಕಾರ್ಖಾನೆ ನೆರೆಯಿಂದ ಮುಚ್ಚಿತು. ಸ್ಪ್ರಿಂಗ್ ಇಲ್ಲದೆ ಪ್ರೊಪೆಲರ್ ಇಲ್ಲ, ಪ್ರೊಪೆಲರ್ ಇಲ್ಲದೆ ವಿಮಾನ ಇಲ್ಲ. ಒಂದು ಬಾಂಬೂ ಬೀಳದೆ ವಿಮಾನ ತಯಾರಿಕೆ ಮುಗ್ಗರಿಸಿತ್ತು. ನೆರೆ ಮಾಡಿದ್ದನ್ನು ಬಾಂಬರ್ ಮಾಡಲಾರದೇ ಎಂದು ಶಿಕ್ಷಕರು ಕೇಳಿದರು.

ಪರದೇಶಗಳ ಗುಟ್ಟು ತಿಳಿಯುವ ದಾರಿ ಅವರಿಗಿರಲಿಲ್ಲ. ಹಾಗಾಗಿ ತಮ್ಮ ದೇಶವನ್ನೇ ಶತ್ರು ಎಂದು ಭಾವಿಸಿ ಅಧ್ಯಯನ ಮಾಡಿದರು. ನ್ಯೂಯಾರ್ಕ್‌ಗೆ ನೀರು ಎಲ್ಲಿಂದ ಬರುತ್ತದೆ, ವಿದ್ಯುತ್ ಎಲ್ಲಿಂದ, ಯಾವ ಸೇತುವೆ ಬಿದ್ದರೆ ಎಷ್ಟು ದಿನದಲ್ಲಿ ಊರಿಗೆ ಆಹಾರ ತೀರುತ್ತದೆ ಎಂದು ಲೆಕ್ಕ ಹಾಕಿದರು. ಇದಕ್ಕೆ 'ಕೈಗಾರಿಕಾ ಬಲೆ' ಸಿದ್ಧಾಂತ ಎಂಬ ಹೆಸರು ಬಿತ್ತು. ಆಧುನಿಕ ದೇಶ ಒಂದಕ್ಕೊಂದು ಹೆಣೆದುಕೊಂಡ ಬಲೆ. ಸರಿಯಾದ ಕೆಲವು ಗಂಟುಗಳನ್ನು ಬಿಚ್ಚಿದರೆ ಇಡೀ ಬಲೆ ಸಡಿಲವಾಗುತ್ತದೆ.

ಅಮೆರಿಕ ಯುದ್ಧಕ್ಕಿಳಿಯುವ ಮೊದಲೇ, 1941ರ ಆಗಸ್ಟ್‌ನಲ್ಲಿ, ಈ ಶಾಲೆಯಿಂದ ಬಂದ ನಾಲ್ವರು ಅಧಿಕಾರಿಗಳು ಜರ್ಮನಿಯ ವಿರುದ್ಧದ ವೈಮಾನಿಕ ಯೋಜನೆಯನ್ನು ಒಂಬತ್ತೇ ದಿನಗಳಲ್ಲಿ ಬರೆದು ಮುಗಿಸಿದರು. ಅದರಲ್ಲಿದ್ದ ಗುರಿಗಳು 154. ವಿದ್ಯುತ್‌ಗೆ ಸಂಬಂಧಿಸಿದವು 50, ಸಾರಿಗೆಯವು 47, ತೈಲದವು 27, ಉಳಿದವು ವಿಮಾನ ಮತ್ತು ಲೋಹದ ಕಾರ್ಖಾನೆಗಳು. 1920ರ ದಶಕದಲ್ಲಿ ಜರ್ಮನಿಯ ವಿದ್ಯುತ್ ಸ್ಥಾವರಗಳಿಗೆ ಸಾಲ ಕೊಟ್ಟಿದ್ದ ನ್ಯೂಯಾರ್ಕ್‌ನ ಬ್ಯಾಂಕುಗಳ ಕಡತಗಳಿಂದಲೂ ಮಾಹಿತಿ ಹೆಕ್ಕಿದ್ದರು. ಆದರೆ 1943ರಲ್ಲಿ ಮತ್ತೊಂದು ತಜ್ಞರ ಸಮಿತಿ ಕುಳಿತು ವಿದ್ಯುತ್ತನ್ನು ಪಟ್ಟಿಯ ಕೆಳಕ್ಕೆ ತಳ್ಳಿ, ಬೇರಿಂಗನ್ನು ಮೇಲಕ್ಕೆ ತಂದಿತು.

ಶ್ವೈನ್‌ಫರ್ಟ್ ಏಕೆ ಕುಸಿಯಲಿಲ್ಲ?

ಶ್ವೈನ್‌ಫರ್ಟ್ ಮೇಲೆ ಮೊದಲ ದಾಳಿ ನಡೆದದ್ದು 1943ರ ಆಗಸ್ಟ್ 17ರಂದು. ಬೇರಿಂಗ್ ಉತ್ಪಾದನೆ ಶೇಕಡಾ 38ರಷ್ಟು ಕುಸಿಯಿತೆಂದು ಹಿಟ್ಲರನ ಶಸ್ತ್ರಾಸ್ತ್ರ ಸಚಿವ ಆಲ್ಬರ್ಟ್ ಸ್ಪೀರ್ ಯುದ್ಧಾನಂತರ ಬರೆದ. ಆತ ನಿಜಕ್ಕೂ ಬೆದರಿದ್ದ. ಆದರೆ ಆ ದಾಳಿಯಲ್ಲಿ ಅಮೆರಿಕನ್ನರಿಗಾದ ನಷ್ಟವೂ ಭಾರಿಯಾಗಿತ್ತು. ಎರಡನೇ ದೊಡ್ಡ ದಾಳಿಗೆ, ಅಂದರೆ ಆ ಕರಾಳ ಗುರುವಾರಕ್ಕೆ, ಎರಡು ತಿಂಗಳು ಹಿಡಿಯಿತು, ಅದರ ನಂತರದ್ದಕ್ಕೆ ಫೆಬ್ರುವರಿಯವರೆಗೆ ಕಾಯಬೇಕಾಯಿತು.

ಆ ಬಿಡುವಿನಲ್ಲಿ ಜರ್ಮನರು ಸುಮ್ಮನೆ ಕೂರಲಿಲ್ಲ. ಬೇರಿಂಗ್‌ಗೆಂದೇ ವಿಶೇಷ ಅಧಿಕಾರಿಯೊಬ್ಬ ನೇಮಕವಾದ. ಕಾರ್ಖಾನೆಗಳ ಗೋದಾಮುಗಳಲ್ಲಿ ಕೂಡಿಟ್ಟಿದ್ದ ದಾಸ್ತಾನು ಹೊರಬಂತು. ಸ್ವೀಡನ್ನಿನಿಂದ ಆಮದಾಯಿತು. ಎಂಜಿನಿಯರ್‌ಗಳು ಯಂತ್ರಗಳ ವಿನ್ಯಾಸ ಬದಲಿಸಿ, ಬಾಲ್ ಬೇರಿಂಗ್ ಅಗತ್ಯವೇ ಇಲ್ಲದ ಕಡೆ ಸಾದಾ ಬೇರಿಂಗ್ ಹಾಕಿದರು. ಕಾರ್ಖಾನೆಗಳನ್ನು ಒಡೆದು ಸಣ್ಣ ಊರುಗಳಿಗೆ ಹಂಚಿದರು. ಇನ್ನೂ ಒಂದು ಸಂಗತಿ ಮೇಲಿನಿಂದ ತೆಗೆದ ಫೋಟೊಗಳಲ್ಲಿ ಕಾಣುತ್ತಿರಲಿಲ್ಲ. ಛಾವಣಿ ಕುಸಿದಿದ್ದರೂ ಅದರಡಿಯ ಯಂತ್ರಗಳಲ್ಲಿ ಅನೇಕವು ದುರಸ್ತಿಯಾಗುವ ಸ್ಥಿತಿಯಲ್ಲಿದ್ದವು. 1944ರ ಶರತ್ಕಾಲದ ಹೊತ್ತಿಗೆ ಉತ್ಪಾದನೆ ದಾಳಿಗೆ ಮುಂಚಿನ ಮಟ್ಟಕ್ಕೆ ಮರಳಿತ್ತು.

ಬಾಂಬ್ ದಾಳಿಗಳ ಪರಿಣಾಮವನ್ನು ಅಳೆಯಲು ಅಮೆರಿಕ ಯುದ್ಧದ ಕೊನೆಯಲ್ಲಿ ದೊಡ್ಡ ಸಮೀಕ್ಷೆಯನ್ನೇ ನಡೆಸಿತು. ಅದರ ಆರ್ಥಿಕ ವಿಭಾಗದ ಮುಖ್ಯಸ್ಥ ಜಾನ್ ಕೆನೆತ್ ಗಾಲ್‌ಬ್ರೇತ್. ಮುಂದೆ 1961ರಿಂದ 63ರವರೆಗೆ ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು ಇವರೇ. ಬಾಂಬುಗಳು ಸುರಿಯುತ್ತಿದ್ದಾಗಲೂ ಜರ್ಮನಿಯ ಶಸ್ತ್ರಾಸ್ತ್ರ ಉತ್ಪಾದನೆ 1944ರ ಮಧ್ಯದವರೆಗೆ ಏರುತ್ತಲೇ ಹೋಗಿತ್ತು ಎಂಬುದು ಸಮೀಕ್ಷೆಗೆ ಸಿಕ್ಕ ಕಹಿ ಸತ್ಯ. ಜೊತೆಗೆ ಮತ್ತೊಂದು: ಪಟ್ಟಿಯಿಂದ ಕೆಳಗಿಳಿಸಿದ್ದ ವಿದ್ಯುತ್ ಜಾಲ ಆರಂಭದಿಂದಲೂ ನಾಜೂಕಾಗಿತ್ತು, ಅದರ ಮೇಲೆ ದಾಳಿಯಾಗುವ ಭಯ ಜರ್ಮನ್ ಅಧಿಕಾರಿಗಳನ್ನು ಕಾಡುತ್ತಿತ್ತು.

ಮೆತ್ತೆ ಮತ್ತು ಆಳ

ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವವರು ಸಮವಸ್ತ್ರದಲ್ಲಿ ಮೇಜಿನ ಮುಂದೆ ಕುಳಿತಿದ್ದ ಕೆಲವು ಅರ್ಥಶಾಸ್ತ್ರಜ್ಞರು. 1942ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಅಮೆರಿಕನ್ ದೂತಾವಾಸದ ಆಶ್ರಯದಲ್ಲಿ ಗುರಿ ಆಯ್ಕೆಗೆಂದೇ ಒಂದು ಪುಟ್ಟ ಘಟಕ ಆರಂಭವಾಯಿತು. ಚಾರ್ಲ್ಸ್ ಕಿಂಡಲ್‌ಬರ್ಗರ್, ವಾಲ್ಟ್ ರೋಸ್ಟೋ ಅದರಲ್ಲಿದ್ದರು. ಇಬ್ಬರೂ ಮುಂದೆ ಹೆಸರಾಂತ ಅರ್ಥಶಾಸ್ತ್ರಜ್ಞರಾದರು.

ಪ್ರತಿ ಗುರಿಯ ಬಗ್ಗೆ ಅವರು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಎರಡು ಮುಖ್ಯ. ಮೊದಲನೆಯದು ಮೆತ್ತೆ. ಈ ಕಾರ್ಖಾನೆ ನಿಂತರೆ ಪೆಟ್ಟನ್ನು ತಾಳಿಕೊಳ್ಳಲು ಶತ್ರುವಿನ ಬಳಿ ಏನಿದೆ? ದಾಸ್ತಾನು, ಬದಲಿ ವಸ್ತು, ಖಾಲಿ ಕುಳಿತ ಬೇರೆ ಕಾರ್ಖಾನೆ, ನಾಗರಿಕರ ಬಳಕೆ ಕಡಿತಗೊಳಿಸುವ ಅವಕಾಶ? ಎರಡನೆಯದು ಆಳ. ಇಲ್ಲಿ ಬಿದ್ದ ಪೆಟ್ಟು ರಣರಂಗದಲ್ಲಿ ಬಂದೂಕು ಹಿಡಿದವನಿಗೆ ತಟ್ಟಲು ಎಷ್ಟು ಕಾಲ ಬೇಕು? ಉಕ್ಕಿನ ಕುಲುಮೆ ಬಹಳ ಆಳದಲ್ಲಿದೆ. ಇಂದು ಅದನ್ನು ಕೆಡವಿದರೆ ಅದರ ಕೊರತೆ ಸೈನಿಕನಿಗೆ ಗೊತ್ತಾಗಲು ತಿಂಗಳುಗಟ್ಟಲೆ ಕಾಲ ಬೇಕು. ಪೆಟ್ರೋಲ್ ಹಾಗಲ್ಲ. ಬೇರಿಂಗ್ ಪ್ರಕರಣದಲ್ಲಿ ಮೆತ್ತೆಯ ದಪ್ಪ ತಪ್ಪಾಗಿ ಅಂದಾಜಾಗಿತ್ತು.

ಈ ಎರಡು ಪ್ರಶ್ನೆಗಳು ಅವರನ್ನು ತೈಲದ ಕಡೆಗೆ ಕರೆದೊಯ್ದವು. ಜರ್ಮನಿಗೆ ಸ್ವಂತ ತೈಲ ಹೆಚ್ಚಿರಲಿಲ್ಲ. ಕಲ್ಲಿದ್ದಲಿನಿಂದ ಕೃತಕ ಪೆಟ್ರೋಲ್ ತಯಾರಿಸುವ ದೈತ್ಯ ಸ್ಥಾವರಗಳೇ ಆಧಾರ. ಫ್ರಾನ್ಸಿನ ರೈಲು ಮಾರ್ಗಗಳನ್ನು ಮೊದಲು ಹೊಡೆಯಬೇಕೆಂಬ ಇನ್ನೊಂದು ಬಣದೊಂದಿಗೆ ಜೋರು ವಾದ ನಡೆದು, 1944ರ ಮಾರ್ಚ್ 25ರಂದು ಮಿತ್ರಪಡೆಗಳ ಮಹಾದಂಡನಾಯಕ ಐಸೆನ್‌ಹೋವರ್ ರೈಲಿನ ಪರ ತೀರ್ಮಾನ ಕೊಟ್ಟರು. ಆದರೂ ತೈಲಕ್ಕೆ ಅವಕಾಶ ಸಿಕ್ಕಿತು. ಮೇ 12ರಂದು ಲೊಯ್ನಾ ಸೇರಿದಂತೆ ಹಲವು ಕೃತಕ ತೈಲ ಸ್ಥಾವರಗಳ ಮೇಲೆ ಬಾಂಬರ್‌ಗಳು ಎರಗಿದವು.

ಪರಿಣಾಮದ ಅಂಕಿಗಳು ಸಮೀಕ್ಷೆಯಲ್ಲಿವೆ. ಕೃತಕ ತೈಲ ಸ್ಥಾವರಗಳಲ್ಲಿ ಏಪ್ರಿಲ್‌ನಲ್ಲಿ 1,75,000 ಟನ್ ವಿಮಾನ ಇಂಧನ ತಯಾರಾಗಿತ್ತು. ಜುಲೈನಲ್ಲಿ ಅದು 30,000 ಟನ್, ಸೆಪ್ಟೆಂಬರ್‌ನಲ್ಲಿ 5,000. ಅದೇ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಫೈಟರ್ ವಿಮಾನಗಳ ಉತ್ಪಾದನೆ ಯುದ್ಧದಲ್ಲೇ ಅತ್ಯಧಿಕ ಮಟ್ಟ ಮುಟ್ಟಿತ್ತು. ಕಾರ್ಖಾನೆಯಿಂದ ಹೊಸ ವಿಮಾನಗಳು ಬರುತ್ತಿದ್ದವು, ಹಾರಿಸಲು ಇಂಧನವಿರಲಿಲ್ಲ, ಹೊಸ ಪೈಲಟ್‌ಗಳ ತರಬೇತಿಗೂ ಇರಲಿಲ್ಲ.

ಗುರಿ ಸರಿಯಾಗಿತ್ತು ಎಂಬ ಒಂದೇ ಕಾರಣಕ್ಕೆ ಇದು ಸಾಧ್ಯವಾಗಲಿಲ್ಲ. ಜರ್ಮನರು ಲೊಯ್ನಾವನ್ನು ಮತ್ತೆ ಮತ್ತೆ ದುರಸ್ತಿ ಮಾಡಿದರು. ಬಾಂಬರ್‌ಗಳು ಮತ್ತೆ ಮತ್ತೆ ಬಂದವು, ಒಟ್ಟು 22 ಸಲ. ಶತ್ರುವಿನ ಗುಪ್ತ ಸಂದೇಶಗಳನ್ನು ಬ್ರಿಟಿಷರು ಬಿಡಿಸಿ ಓದುತ್ತಿದ್ದುದರಿಂದ ಪೆಟ್ಟು ತಾಗಿದೆಯೇ ಇಲ್ಲವೇ ಎಂಬುದು ಕೂಡಲೇ ತಿಳಿಯುತ್ತಿತ್ತು. ಬೇರಿಂಗ್ ವಿಷಯದಲ್ಲಿ ಈ ಎರಡೂ ಇರಲಿಲ್ಲ. ವ್ಯವಸ್ಥೆಯೊಂದಕ್ಕೆ ಪೆಟ್ಟು ಕೊಟ್ಟು ಅದು ಹೇಗೆ ಪ್ರತಿಕ್ರಿಯಿಸುತ್ತದೆಂದು ನೋಡದಿದ್ದರೆ ಅರ್ಧ ಕೆಲಸವಷ್ಟೇ ಆದಂತೆ.

ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಫಲವೊಂದು ಕೂಡ ಬಂತು. ಅವೇ ಸ್ಥಾವರಗಳಲ್ಲಿ ಸಾರಜನಕವೂ ಮೆಥನಾಲೂ ತಯಾರಾಗುತ್ತಿದ್ದವು. ಅವು ಸ್ಫೋಟಕಗಳಿಗೆ ಬೇಕಾದ ಕಚ್ಚಾ ವಸ್ತು. ಪೆಟ್ರೋಲಿಗೆ ಹೊಡೆದ ಪೆಟ್ಟು ಮದ್ದುಗುಂಡಿಗೂ ತಗುಲಿತು. ಬಲೆಯನ್ನು ಅಷ್ಟು ಶ್ರಮಪಟ್ಟು ಓದಿದವರಿಗೂ ಈ ಎಳೆ ಕಂಡಿರಲಿಲ್ಲ.

ಹನೋಯ್‌ನಲ್ಲಿ ಅದೇ ಲೆಕ್ಕ

ಇಪ್ಪತ್ತೆರಡು ವರ್ಷಗಳ ನಂತರ ವಾಲ್ಟ್ ರೋಸ್ಟೋ ಅಧ್ಯಕ್ಷ ಲಿಂಡನ್ ಜಾನ್ಸನ್‌ರ ರಾಷ್ಟ್ರೀಯ ಭದ್ರತಾ ಸಲಹೆಗಾರ. ವಿಯೆಟ್ನಾಂ ಯುದ್ಧ ನಡೆಯುತ್ತಿದೆ. ಉತ್ತರ ವಿಯೆಟ್ನಾಮಿನ ತೈಲ ಸಂಗ್ರಹಾಗಾರಗಳನ್ನು ಹೊಡೆಯಬೇಕೆಂದು ರೋಸ್ಟೋ ಒತ್ತಾಯಿಸಿದರು. ಜರ್ಮನಿಯ ಅನುಭವವನ್ನೇ ಆಧಾರವಾಗಿ ಕೊಟ್ಟರು. 1966ರ ಜೂನ್ 29ರಂದು ಹನೋಯ್ ಮತ್ತು ಹೈಫಾಂಗ್ ಸುತ್ತಲಿನ ಟ್ಯಾಂಕ್‌ಗಳು ಹೊತ್ತಿ ಉರಿದವು. ಕೆಲವೇ ವಾರಗಳಲ್ಲಿ ದೊಡ್ಡ ಸಂಗ್ರಹಾಗಾರಗಳ ಬಹುಪಾಲು ನಾಶವಾಗಿತ್ತು.

ದಕ್ಷಿಣಕ್ಕೆ ಹೋಗುತ್ತಿದ್ದ ಸೈನಿಕರೂ ಸಾಮಗ್ರಿಯೂ ನಿಲ್ಲಲಿಲ್ಲ. ಉತ್ತರ ವಿಯೆಟ್ನಾಂ ತೈಲವನ್ನು ಮೊದಲೇ ಡ್ರಮ್ಮುಗಳಿಗೆ ತುಂಬಿ ರಸ್ತೆ ಬದಿ, ಹಳ್ಳಿಗಳ ಅಂಚು, ಮರಗಳ ಮರೆಯಲ್ಲಿ ಚದುರಿಸಿತ್ತು. ಹೊಸ ತೈಲ ಸೋವಿಯತ್ ಒಕ್ಕೂಟದಿಂದ ಬರುತ್ತಿತ್ತು. ಅಷ್ಟಕ್ಕೂ ಆ ಯುದ್ಧಕ್ಕೆ ಬೇಕಾಗಿದ್ದ ತೈಲವೇ ಅಲ್ಪ. ಇರುವೆ ಸಾಲನ್ನು ಬೆರಳಿನಿಂದ ಅಳಿಸಿದರೆ ಅದು ಕ್ಷಣಹೊತ್ತು ಗಲಿಬಿಲಿಗೊಂಡು ಪಕ್ಕದಲ್ಲಿ ಹೊಸ ದಾರಿ ಹಿಡಿಯುವಂತೆ, ಸಾಗಣೆ ಬೇರೆ ದಾರಿ ಹಿಡಿಯಿತು. ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರ ಅವರಿಗಾಗಿ ಆ ಬೇಸಿಗೆಯಲ್ಲಿ ಅಧ್ಯಯನ ನಡೆಸಿದ ವಿಜ್ಞಾನಿಗಳ ತಂಡ, ಇದು ಮೂಲತಃ ಬೇಸಾಯದ ದೇಶ, ಬಾಂಬ್ ದಾಳಿಗೆ ಕುಸಿಯುವಂಥ ಕೈಗಾರಿಕೆಯೇ ಇಲ್ಲಿಲ್ಲ ಎಂದು ಹೇಳಿತು.

ಚಿಂತಕ ಅದೇ ವ್ಯಕ್ತಿ, ಪ್ರಶ್ನೆಗಳೂ ಅವೇ, ಗುರಿಯೂ ತೈಲವೇ. ಬದಲಾಗಿದ್ದದ್ದು ಎದುರಿಗಿದ್ದ ವ್ಯವಸ್ಥೆ. ಹೆಚ್ಚು ಬಿಗಿಯಾಗಿ ಹೆಣೆದುಕೊಂಡ ದೇಶ ಬೇಗ ತತ್ತರಿಸುತ್ತದೆ, ಸಡಿಲವಾಗಿ ಬದುಕುವ ದೇಶ ತಾಳಿಕೊಳ್ಳುತ್ತದೆ. ಇದು ಒಂದೆಡೆ ಗೆದ್ದ ಪಟ್ಟಿಯನ್ನು ಇನ್ನೊಂದೆಡೆ ಹರಡಿ ಕೂರುವ ಎಲ್ಲ ಸೇನಾಪತಿಗಳೂ ಕಲಿಯಬೇಕಾದ ವಿಷಯ.

ಮೈಸೂರಿನ ತಾಳೆಗರಿ

ರಾಜ್ಯವನ್ನು ಅಂಗಗಳ ಕೂಟವಾಗಿ ನೋಡುವುದು ನಮ್ಮಲ್ಲಿ ಹಳೆಯ ವಿದ್ಯೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚಿಗೆ ತಂದವರು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ರಾಜ್ಯಕ್ಕೆ ಏಳು ಅಂಗಗಳು: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ.

ಎಂಟನೆಯ ಅಧಿಕರಣದಲ್ಲಿ ಹಿಂದಿನ ಆಚಾರ್ಯರೊಂದಿಗೆ ಒಂದು ಸೊಗಸಾದ ಚರ್ಚೆಯಿದೆ. ಯಾವ ಅಂಗಕ್ಕೆ ಬಂದ ವಿಪತ್ತು ಹೆಚ್ಚು ಮಾರಕ? ರಾಜನಿಗಿಂತ ಅಮಾತ್ಯನಿಗೆ ಬಂದದ್ದು ಎನ್ನುತ್ತಾನೆ ಭಾರದ್ವಾಜ. ಅಮಾತ್ಯನಿಗಿಂತ ಜನಪದಕ್ಕೆ ಬಂದದ್ದು ಎನ್ನುತ್ತಾನೆ ವಿಶಾಲಾಕ್ಷ. ಕೋಟೆಗಿಂತ ಬೊಕ್ಕಸ ಎಂದು ಪಿಶುನ, ಬೊಕ್ಕಸಕ್ಕಿಂತ ಸೈನ್ಯ ಎಂದು ಕೌಣಪದಂತ. ಕೌಟಿಲ್ಯ ಒಬ್ಬೊಬ್ಬರಿಗೂ ಉತ್ತರ ಕೊಟ್ಟು ರಾಜನನ್ನೇ ಮೊದಲಲ್ಲಿಡುತ್ತಾನೆ. ಆದರೆ ವಿಪತ್ತು ಒಂದು ಅಂಗದ ಒಂದು ಭಾಗಕ್ಕಷ್ಟೇ ತಗುಲಿದ್ದರೆ, ಉಳಿದ ಅಂಗಗಳು ಗಟ್ಟಿಯಾಗಿದ್ದರೆ ಲೆಕ್ಕ ಬೇರೆಯಾಗುತ್ತದೆ ಎಂದೂ ಹೇಳುತ್ತಾನೆ. ಮ್ಯಾಕ್ಸ್‌ವೆಲ್‌ನ ಶಿಕ್ಷಕರು ಇದನ್ನು ಓದಿದ್ದಿದ್ದರೆ ಮೆಚ್ಚುತ್ತಿದ್ದರು.

ಐದು ವರ್ತುಲಗಳು

ವ್ಯವಸ್ಥೆಯ ಚಿಂತನೆ ತನ್ನ ಅತಿ ದೊಡ್ಡ ಪ್ರಯೋಗಕ್ಕೆ ಇಳಿದದ್ದು 1991ರಲ್ಲಿ. ಇರಾಕ್ ಕುವೈತನ್ನು ನುಂಗಿದ ಕೆಲವೇ ದಿನಗಳಲ್ಲಿ, 1990ರ ಆಗಸ್ಟ್‌ನಲ್ಲಿ, ಅಮೆರಿಕದ ವಾಯುಪಡೆಯ ಕರ್ನಲ್ ಜಾನ್ ವಾರ್ಡನ್ ಒಂದು ಯೋಜನೆ ಮುಂದಿಟ್ಟರು: ಆರು ದಿನ, 84 ಗುರಿಗಳು. ಅವರ ಚಿತ್ರದಲ್ಲಿ ಯಾವುದೇ ದೇಶ ಒಂದರೊಳಗೊಂದು ಇರುವ ಐದು ವರ್ತುಲ. ನಡುವೆ ನಾಯಕತ್ವ, ಅದರ ಸುತ್ತ ವಿದ್ಯುತ್ ಮತ್ತು ತೈಲದಂಥ ಜೀವಾಧಾರ, ನಂತರ ರಸ್ತೆ-ರೈಲು-ಸೇತುವೆ, ನಂತರ ಜನಸಮೂಹ, ಕಟ್ಟಕಡೆಗೆ ಸೈನ್ಯ. ಹೊರಗಿನ ವರ್ತುಲದಲ್ಲಿ ಗುದ್ದಾಡುವ ಬದಲು ಒಳಗಿನವನ್ನು ಏಕಕಾಲಕ್ಕೆ ಹೊಡೆದರೆ ಇಡೀ ದೇಹ ಸ್ತಬ್ಧವಾಗುತ್ತದೆ ಎಂಬುದು ವಾದ.

ಯುದ್ಧದ ಕಮಾಂಡ್ ಇದ್ದ ಸೌದಿಯ ರಿಯಾದ್‌ನಲ್ಲಿ ಯೋಜನೆ ಬಹಳ ಬದಲಾಯಿತು, ಹಿಗ್ಗಿತು. ಮೂಲ ಕಲ್ಪನೆ ಉಳಿಯಿತು. 1991ರ ಜನವರಿ 17ರ ನಸುಕಿನಲ್ಲಿ ಬಾಗ್ದಾದ್ ಕತ್ತಲಾಯಿತು. ಕೆಲವು ಕ್ಷಿಪಣಿಗಳು ಇಂಗಾಲದ ನವಿರಾದ ಎಳೆಗಳನ್ನು ವಿದ್ಯುತ್ ಕೇಂದ್ರಗಳ ಮೇಲೆ ಸುರಿದು ಶಾರ್ಟ್ ಸರ್ಕ್ಯೂಟ್ ಮಾಡಿದವು. ರಾಡಾರ್, ದೂರವಾಣಿ, ಆಜ್ಞಾಕೇಂದ್ರಗಳು ಹರಿದುಹೋದವು. ಇರಾಕಿನ ವಾಯುರಕ್ಷಣೆ ಮತ್ತೆ ಒಗ್ಗೂಡಲೇ ಇಲ್ಲ. ಸೈನಿಕ ದೃಷ್ಟಿಯಿಂದ ಅದು ಅಪೂರ್ವ ಯಶಸ್ಸು.

ನಟ್ಟ ನಡುವಿನ ವರ್ತುಲ ಮಾತ್ರ ಒಡೆಯಲಿಲ್ಲ. ಸದ್ದಾಂ ಹುಸೇನ್ ಯುದ್ಧದ ಬಳಿಕವೂ ಹನ್ನೆರಡು ವರ್ಷ ಆಳಿದ. ಆ ವರ್ತುಲವನ್ನು ಹುಡುಕುತ್ತಾ ಫೆಬ್ರುವರಿ 13ರಂದು ಬಾಗ್ದಾದಿನ ಅಮಿರಿಯಾದಲ್ಲಿದ್ದ ಬಂಕರ್ ಒಂದರ ಮೇಲೆ ಎರಡು ಬಾಂಬ್ ಹಾಕಿದರು. ಸೇನೆಯ ಆಜ್ಞಾಕೇಂದ್ರವೆಂದು ನಂಬಿದ್ದ ಆ ಕಟ್ಟಡದೊಳಗೆ ಮಲಗಿದ್ದವರು ಆಶ್ರಯಕ್ಕೆ ಬಂದ ಕುಟುಂಬಗಳು. 400ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಹೆಂಗಸರು ಮತ್ತು ಮಕ್ಕಳು.

ತಂತಿಯಿಂದ ನೀರಿಗೆ

ವಿದ್ಯುತ್ತಿನ ಕಥೆ ಬಾಂಬ್ ನಿಂತ ಮೇಲೂ ಮುಂದುವರಿಯಿತು. ಯುದ್ಧಾನಂತರ ಬೇಗ ದುರಸ್ತಿಯಾಗಲೆಂದು ಜನರೇಟರ್‌ಗಳನ್ನು ಬಿಟ್ಟು ಟ್ರಾನ್ಸ್‌ಫಾರ್ಮರ್ ಮತ್ತು ಸ್ವಿಚ್‌ಯಾರ್ಡ್‌ಗಳನ್ನಷ್ಟೇ ಹೊಡೆಯಬೇಕೆಂಬುದು ಯೋಜಕರ ಉದ್ದೇಶವಾಗಿತ್ತು. ಕೆಳಹಂತದಲ್ಲಿ ಆ ಸೂಚನೆ ಪಾಲನೆಯಾಗದೆ ಜನರೇಟರ್ ಕಟ್ಟಡಗಳೂ ಉರುಳಿದವು. ಬಿಡಿಭಾಗ ತರಿಸೋಣವೆಂದರೆ ಆರ್ಥಿಕ ನಿರ್ಬಂಧ.

ಇರಾಕ್ ನಗರಗಳಲ್ಲಿ ಬದುಕುವ ದೇಶ. ಅಲ್ಲಿ ನದಿಯ ನೀರು ಶುದ್ಧವಾಗಿ ನಲ್ಲಿಗೆ ಬರಲು ಪಂಪ್ ಬೇಕು, ಕೊಳಚೆ ಊರಾಚೆ ಹೋಗಲೂ ಪಂಪ್ ಬೇಕು. ವಿದ್ಯುತ್ ಹೋದಾಗ ಎರಡೂ ನಿಂತವು. ಕೊಳಚೆ ನೇರ ನದಿಗೆ ಸೇರಿತು, ಜನ ಅದೇ ನದಿಯ ನೀರು ಕುಡಿದರು. ಟೈಫಾಯ್ಡ್, ಕಾಲರಾ ಹಬ್ಬಿದವು. ಲಸಿಕೆ ಇಡುವ ಫ್ರಿಜ್‌ಗಳು ಆರಿದ್ದವು. ವಿಶ್ವಸಂಸ್ಥೆಯ ಪರವಾಗಿ 1991ರ ಮಾರ್ಚ್‌ನಲ್ಲಿ ಅಲ್ಲಿಗೆ ಹೋದ ಮಾರ್ಟಿ ಅಹ್ತಿಸಾರಿ, ದೇಶ ಕೈಗಾರಿಕಾ ಯುಗಕ್ಕೂ ಹಿಂದಿನ ಸ್ಥಿತಿಗೆ ಬಿದ್ದಿದೆ ಎಂಬ ವರದಿ ಕೊಟ್ಟರು. ಯೋಜಕರ ನಕ್ಷೆಯಲ್ಲಿ ರೇಖೆಯನ್ನು ವಿದ್ಯುತ್ತಿನಿಂದ ಸೈನ್ಯದ ಕಡೆಗೆ ಎಳೆಯಲಾಗಿತ್ತು. ಅದೇ ತಂತಿಯಿಂದ ನೀರಿನ ಪಂಪಿಗೆ, ಪಂಪಿನಿಂದ ಮಗುವಿನ ಲೋಟಕ್ಕೆ ಹೋಗುವ ರೇಖೆಗೆ ಅವರು ಅದೇ ತೂಕ ಕೊಡಲಿಲ್ಲ. ಸೇನೆಯ ಬಳಿ ಸ್ವಂತ ಜನರೇಟರ್‌ಗಳಿರುತ್ತವೆ. ಆಸ್ಪತ್ರೆಗೂ ಚರಂಡಿಗೂ ಇರುವುದು ಕಡಿಮೆ. ಶತ್ರುವನ್ನು ವ್ಯವಸ್ಥೆಯಾಗಿ ನೋಡುವವರು ಆ ವ್ಯವಸ್ಥೆಯನ್ನು ಪೂರ್ತಿ ನೋಡಬೇಕು ಎಂಬುದೇ ನನ್ನ ವಾದ. ಅರ್ಧ ನೋಡಿದರೆ ಸಾಯುವವರು ಪಟ್ಟಿಯಲ್ಲಿ ಇಲ್ಲದವರು.

ಸೇನೆಗಳ ಒಳಗೂ ಈ ಬಗ್ಗೆ ಅತೃಪ್ತಿ ಬೆಳೆಯಿತು. 2006ರ ಲೆಬನಾನ್ ಯುದ್ಧದಲ್ಲಿ ಇಸ್ರೇಲಿ ಸೇನೆ ಇಂಥದೇ ಚಿಂತನೆಯ ಜಟಿಲ ಪರಿಭಾಷೆಯಲ್ಲಿ ಆದೇಶ ಕೊಟ್ಟು ತನ್ನ ಅಧಿಕಾರಿಗಳನ್ನೇ ಗೊಂದಲಕ್ಕೆ ತಳ್ಳಿತ್ತು. ಅದನ್ನು ಉದಾಹರಿಸಿ ಅಮೆರಿಕದ ಜನರಲ್ ಜೇಮ್ಸ್ ಮ್ಯಾಟಿಸ್ 2008ರ ಆಗಸ್ಟ್‌ನಲ್ಲಿ ತಮ್ಮ ಕಮಾಂಡ್‌ನಲ್ಲಿ ಈ ಪರಿಭಾಷೆಯ ಬಳಕೆಯನ್ನೇ ನಿಲ್ಲಿಸಿದರು. ವಿದ್ಯುತ್ ಜಾಲದಂಥ ಮುಚ್ಚಿದ ವ್ಯವಸ್ಥೆಗೆ ಈ ಚಿಂತನೆ ಸ್ವಲ್ಪ ಅನ್ವಯಿಸಬಹುದು, ಮನುಷ್ಯರ ನಡೆಯನ್ನು ಆ ಬಗೆಯಲ್ಲಿ ಮುಂಗಾಣಲಾಗದು ಎಂಬುದು ಅವರ ಆಕ್ಷೇಪ. 2022ರ ಅಕ್ಟೋಬರ್‌ನಿಂದ ಉಕ್ರೇನಿನ ವಿದ್ಯುತ್ ಜಾಲದ ಮೇಲೆ ರಷ್ಯಾ ನಡೆಸುತ್ತಿರುವ ದಾಳಿಗಳಲ್ಲೂ ಇದೇ ಕಂಡಿತು: ಜಾಲ ಹರಿಯುತ್ತದೆ, ಜನ ಚಳಿಯಲ್ಲಿ ನರಳುತ್ತಾರೆ, ಲೈನ್‌ಮನ್‌ಗಳು ಮತ್ತೆ ಕಟ್ಟುತ್ತಾರೆ.

ಮುಟ್ಟಬಾರದ್ದರ ಪಟ್ಟಿ

ಕಾನೂನು ಕೂಡ ಗುರಿಯ ಆಯ್ಕೆಗೆ ಬೇಲಿ ಹಾಕುತ್ತದೆ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೊಕಾಲ್ ಪ್ರಕಾರ ಯಾವುದು ಸೈನಿಕ ಕಾರ್ಯಕ್ಕೆ ನೆರವಾಗುತ್ತದೋ, ಯಾವುದರ ನಾಶದಿಂದ ಆ ಹೊತ್ತಿಗೆ ಖಚಿತ ಸೈನಿಕ ಲಾಭವಿದೆಯೋ ಅದು ಮಾತ್ರ ಗುರಿ. ಕುಡಿಯುವ ನೀರಿನ ವ್ಯವಸ್ಥೆ, ಬೆಳೆಯಂಥ ಜೀವನಾವಶ್ಯಕಗಳಿಗೆ ರಕ್ಷಣೆಯಿದೆ. ಅಣೆಕಟ್ಟು, ಪರಮಾಣು ವಿದ್ಯುತ್ ಸ್ಥಾವರಗಳಿಗೆ ವಿಶೇಷ ರಕ್ಷಣೆಯಿದೆ. ಅಮೆರಿಕವೂ ಭಾರತವೂ ಈ ಪ್ರೋಟೊಕಾಲನ್ನು ಅನುಮೋದಿಸಿಲ್ಲ.

ಆದರೆ ನಮ್ಮ ಉಪಖಂಡದಲ್ಲಿ ಬೇರೊಂದು ಒಪ್ಪಂದವಿದೆ. ಪರಸ್ಪರರ ಪರಮಾಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ಭಾರತ ಮತ್ತು ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಸಹಿ ಹಾಕಿದವು. 1992ರಿಂದ ಪ್ರತಿ ಜನವರಿ 1ರಂದು ಎರಡೂ ದೇಶಗಳು ತಮ್ಮ ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತವೆ. ಕಾರ್ಗಿಲ್ ಯುದ್ಧದ ಮರುವರ್ಷವೂ ಅದು ತಪ್ಪಲಿಲ್ಲ. ಆ ಪಟ್ಟಿಗೆ ನೀರು ಶುದ್ಧೀಕರಣ ಘಟಕಗಳನ್ನೂ ಅವುಗಳಿಗೆ ವಿದ್ಯುತ್ ಒಯ್ಯುವ ಕೇಂದ್ರಗಳನ್ನೂ ಸೇರಿಸಲು ಎರಡು ದೇಶಗಳು ಒಪ್ಪಬೇಕು. ಅದಕ್ಕೆ ಬೇಕಾದ ಮಾದರಿ, ದಿನಾಂಕ, ಕಡತ ಎಲ್ಲವೂ ಈಗಾಗಲೇ ಕೈಯಲ್ಲಿವೆ.